ಉಡಿಗೆ ಬಿದ್ದ ಅಕ್ಕಿ

ನಮ್ಮತ್ತೆ ನೀಲಕ್ಕನ ಬಗ್ಗೆ ನಾನು ಬಾಯಿ ತೆಗೆದ್ರೆ ಸಾಕು, ಊರಾಗಿನವರು "ಬಿಡವ್ವ ಶಾಂತಕುಮಾರಿ, ಎಂಬತ್ತು ದಾಟಿದ ಮುದುಕಿ" ಅಂತಾರೆ. ದಾಟಿದ್ರೇನಾತು? ಸರ್ಕಾರದ ಸೀಲ್ ಒಡೆಯೋವಾಗ ಆ ಕೈಗೆ ಎಂಬತ್ತು ಆಗಿರಲಿಲ್ಲ, ಹದಿನೆಂಟಿತ್ತು. ನಡೆದದ್ದನ್ನ ನಡೆದಂಗೆ ಹೇಳ್ತೀನಿ, ತಪ್ಪು ಯಾರದ್ದು ಅಂತ ನೀವೇ ಹೇಳ್ರಿ.

ಕಡರನಾಯಕನಹಳ್ಳಿಯಾಗ ನಂದೊಂದು ಗದ್ದೆ ಐತೆ. ನಂದು ಅಂದ್ರೆ ನಂದೇ. ನನ್ನ ಮದುವ್ಯಾಗ ನಮ್ಮಪ್ಪ ಆ ಗದ್ದೆ ಮಣ್ಣು ಒಂದು ಹಿಡಿ ತಂದು, ಅಕ್ಕಿ ಕೊಬ್ಬರಿ ಜೋಡಿ ನನ್ನ ಉಡಿಗೆ ಹಾಕಿ, "ಅರಿಶಿನ ಕುಂಕುಮಕ್ಕೆ ಇದು ನಿಂದು ಮಗಳೆ" ಅಂದಿದ್ದ. ಕಾಲುವೆಯ ಕಟ್ಟಕಡೇ ಗದ್ದೆ ಅದು. ಮೇಲಿನವರೆಲ್ಲ ಹಾಯಿಸಿಕೊಂಡು, ಕೈಕಾಲು ತೊಳಕೊಂಡು, ಎಮ್ಮೆ ಮೈ ಉಜ್ಜಿ ಮುಗಿಸಿದ ಮ್ಯಾಲೆ ಉಳಿದ ನೀರು ನಮಗೆ ಬರ್ತದೆ. ಆದ್ರೂ ಆ ಗದ್ದೆ ಬದುವಿನ ಮ್ಯಾಲೆ ನಿಂತ್ರೆ ನನಗೆ ನಮ್ಮಪ್ಪನ ಪಕ್ಕ ನಿಂತಂಗೆ ಆಗ್ತದೆ.

ನಮ್ಮನೆಯವರು ವಾಮದೇವಪ್ಪನವರಿಗೆ ಅದೇ ಬದುವಿನ ಮ್ಯಾಲೆ ನಿಂತ್ರೆ ಸೈಟು ಕಾಣ್ತವೆ. ಗುತ್ತೂರು ಕಡೆ ಫ್ಯಾಕ್ಟರಿಗಳವೆ, ಕೆಲಸಕ್ಕೆ ಬಂದವರಿಗೆಲ್ಲ ಮನೆ ಬೇಕು, ಲೇಔಟ್ ಮಾಡಿದ್ರೆ ಗದ್ದೆಗೆ ನೀರು ಬರದಿದ್ರೂ ನಲ್ಲಿಗೆ ಬರ್ತದೆ ಅಂತ ಅವರ ಲೆಕ್ಕ. ಬ್ರೋಕರ್ ಕೊಟ್ರೇಶ್ ನಮ್ಮನೆಯಾಗ ಎಷ್ಟು ಟೀ ಕುಡಿದಾನೆ ಅಂದ್ರೆ ಅವನಿಗೊಂದು ಲೋಟ ಬ್ಯಾರೇನೇ ಐತೆ. ಜಗಳ ಆಗಿ ಆಗಿ, ಕೊನಿಗೆ ಒಂದು ಮಾತಿಗೆ ಬಂದ್ವಿ. ಕಡಿಮೆ ನೀರಾಗ ಬರೋ ಹೊಸ ಭತ್ತ ಒಂದು ಐತಂತೆ. ಅದು ನಮ್ಮ ಗದ್ದೆಯಾಗ ಪಾಸಾದ್ರೆ ಗದ್ದೆ ಉಳೀತು, ಫೇಲಾದ್ರೆ ಸೈಟು.

ಆ ಭತ್ತ ತಂದವಳು ಸ್ನೇಹಾ, ಸಂಶೋಧನೆ ಮಾಡೋ ಹುಡುಗಿ. ನಮ್ಮ ಪಡಸಾಲೆಯಾಗ ಕೂತು, "ಅಂಕಲ್, ಇದು ಜೀನ್ ಎಡಿಟ್ ಮಾಡಿದ ಭತ್ತ" ಅಂದ್ಲು. ಇವರು ಕುರ್ಚಿ ಹಿಂದಕ್ಕೆ ಎಳಕೊಂಡ್ರು.

"ಅದರಾಗ ಮೀನಿನ ಜೀನ್ ಗೀನ್ ಹಾಕೀರೇನು? ನಾವು ಲಿಂಗ ಕಟ್ಟಿಕೊಂಡವರು ಕಣವ್ವ."

"ಹೊರಗಿಂದ ಏನೂ ಹಾಕಿಲ್ಲ ಅಂಕಲ್. ಭತ್ತದಾಗ ಇದ್ದದ್ದನ್ನೇ ಒಂದು ಕಡೆ ಕತ್ತರಿಸಿ ಸರಿ ಮಾಡಿದೀವಿ."

ನನಗೆ ಥಟ್ಟನೆ ತಿಳೀತು. ಮೈ ಬಂದಾಗ ಬ್ಲೌಸಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಸ್ತೀವಲ್ಲ, ಹಂಗೆ. ಪಕ್ಕದಮನೆಯಾಕೆಯ ಬ್ಲೌಸಿನ ತೋಳು ತಂದು ನಮ್ಮದಕ್ಕೆ ಹಚ್ಚಿಲ್ಲ. ಇವರಿಗೆ ಮಾತ್ರ ತಿಳೀಲಿಲ್ಲ. "ಬೆಳೀರಿ, ಬ್ಯಾಡ ಅನ್ನಲ್ಲ. ಆದ್ರೆ ಆ ಲ್ಯಾಬಿನ ಅಕ್ಕಿ ನಾನು ಸತ್ರೂ ಬಾಯಿಗೆ ಹಾಕಲ್ಲ, ನಾಲಿಗೆ ಮ್ಯಾಲಿಟ್ರೆ ಸಾಕು ಗುರುತು ಹಿಡೀತೀನಿ" ಅಂದು, ಮನೆ ಯಜಮಾನ ಅಂತ ಸ್ನೇಹಾ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ರು.

ಭತ್ತ ಚಲೋ ಬಂತು. ಕಾಲುವೆ ಎರಡು ಸಲ ಕೈಕೊಟ್ರೂ ತೆನೆ ತುಂಬಿ ಬಗ್ಗಿತ್ತು. ಕೊಯ್ಲಾದ ಮ್ಯಾಲೆ ಸ್ನೇಹಾ ಸ್ವಲ್ಪ ಭತ್ತ ಅಕ್ಕಿ ಮಾಡಿಸಿ, ಬಟ್ಟೆ ಚೀಲಕ್ಕೆ ತುಂಬಿ, ಅರಗಿನ ಸೀಲ್ ಒತ್ತಿ ನನ್ನ ಕೈಗೆ ಕೊಟ್ಲು. ಅದು ಬೇಯೋದು ಹೆಂಗೆ, ಅದರಾಗ ಏನೈತೆ ಏನಿಲ್ಲ ಅಂತ ನೋಡಾಕೆ ದೊಡ್ಡ ಲ್ಯಾಬಿಗೆ ಹೋಗೋ ಮಾದರಿ. "ನಾಳೆ ಸಂಜೆ ಒಯ್ತೀನಿ ಆಂಟಿ, ಯಾರ ಕೈಗೂ ಸಿಗದಂಗೆ ಇಡ್ರಿ" ಅಂದ್ಲು. ನಮ್ಮನೆಯಾಗ ಇವರ ಕೈ ಆಡದಿರೋ ಜಾಗ ಒಂದೇ, ದೇವರ ಮನೆ. ಅಲ್ಲೇ ದೇವರ ಮುಂದೆ ಇಟ್ಟೆ. ನನ್ನ ತಪ್ಪು ಇಷ್ಟೇ, ಇದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ.

ಮಾರನೇ ದಿನ ಬೆಳಿಗ್ಗೆ ತಪಾಸಣೆಗೆ ಬಂದವರು ಬುಷ್ರಾ ಮೇಡಮ್. ದಾವಣಗೆರೆಯವರೇ, ಇಂಥ ಪರೀಕ್ಷೆ ಬೆಳೆಗಳನ್ನ ಕಾಯಾಕೆ ಇರೋ ಸಮಿತಿಯ ಆಫೀಸರು. ಚೂಡಿದಾರದ ದುಪಟ್ಟಕ್ಕೆ ಪಿನ್ ಹಾಕಿದ್ದು ನೋಡಿದ್ರೇ ಗೊತ್ತಾಗ್ತಿತ್ತು, ಶಿಸ್ತು ಅಂದ್ರೆ ಶಿಸ್ತು. ಟೀ ಬ್ಯಾಡ ಅಂದ್ರು. ನೀರು ಕೊಟ್ಟೆ, ಅದೂ ಬ್ಯಾಡ. "ತಪಾಸಣೆ ಮನೆಯಲ್ಲಿ ನೀರು ಕುಡಿದ್ರೂ ನಾಳೆ ಮಾತು ಬರ್ತದಮ್ಮ" ಅಂದು, ನಿಂತ ಕಾಲಿನಾಗೆ ಕಾನೂನು ಓದಿ ಹೇಳಿದ್ರು. ಲ್ಯಾಬಿಗೆ ಅಂತ ಸೀಲ್ ಒತ್ತಿದ್ದು ಬಿಟ್ರೆ ಈ ಅಕ್ಕಿ ಒಂದು ಕಾಳೂ ಬೇಲಿ ದಾಟಿ ಹೊರಗೆ ಹೋಗಂಗಿಲ್ಲ. ಬ್ಯಾರೆ ಅಕ್ಕಿ ಜೋಡಿ ಬೆರೆಸಂಗಿಲ್ಲ. ಮಾರಂಗಿಲ್ಲ, ಯಾರಿಗೂ ಕೊಡಂಗಿಲ್ಲ. ಬೇಯಿಸಿ ತಿನ್ನಂಗಿಲ್ಲ. ತಪ್ಪಿದ್ರೆ ಪರೀಕ್ಷೆ ರದ್ದು, ಸಹಿ ಹಾಕಿದವರು ಜವಾಬ್ದಾರಿ. ಇವರು ಅಲ್ಲೇ ಬೆವರಾಕೆ ಶುರು ಮಾಡಿದ್ರು.

ನಾನು ಬಿಡ್ತೀನಾ, ಕೇಳೇಬಿಟ್ಟೆ. "ಹೊರಗಿಂದ ಏನೂ ಹಾಕಿಲ್ಲ, ಬರೀ ಬ್ಲೌಸಿನ ಹೊಲಿಗೆ ಬಿಚ್ಚಿ ಹಾಕಿದಂಗೆ ಅಂತೀರಿ. ಅದಕ್ಕೆ ಇಷ್ಟು ಕಾವಲು ಯಾಕ್ರಿ ಮೇಡಮ್?"

"ಹೊಲಿದವರು ಒಳಗೆ ಸೂಜಿ ಮರೆತಿಲ್ಲ ಅಂತ ಯಾರಾದ್ರೂ ನೋಡಬೇಕಲ್ಲಮ್ಮ" ಅಂದ್ರು ಮೇಡಮ್. "ಹೊಲಿದವರೇ ನೋಡಿ ಸರಿ ಐತೆ ಅಂದ್ರೆ ನೀವು ಹಾಕ್ಕೊಂತೀರಾ?"

ಮಾತು ನನಗೆ ಹಿಡಿಸ್ತು. ದೇವರ ಮನೆ ಬಾಗಿಲಾಗ ನಿಂತು ಸೀಲ್ ಸರಿ ಐತೆ ಅಂತ ನೋಡಿದ್ರು. ಆಮೇಲೆ ಗದ್ದೆ ಬೇಲಿ ನೋಡಾಕೆ ನಾವು ಮೂವರೂ ಹೋದ್ವಿ. ಮನೆಯಾಗ ಉಳಿದವರು ನಮ್ಮತ್ತೆ ಒಬ್ಬರೇ.

ತಿರುಗಿ ಬರೋವಾಗ ಅತ್ತೆ ಬಾಗಿಲಾಗ ಮೊರ ಹಿಡಕೊಂಡು ನಿಂತಿದ್ರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊನೆ, ಅಡಿಕೆ, ಒಂದು ಖಣ. ಕುಂಕುಮ ಮಾತ್ರ ಇರಲಿಲ್ಲ. ಯಾರಿಗೆ ಏನು ಕೊಡಬೇಕು ಅನ್ನೋದು ಆ ಮುದುಕಿಗೆ ಗೊತ್ತು.

"ನೀರೂ ಕುಡೀಲಿಲ್ಲಂತೆ. ಹೆಣ್ಣುಮಗಳು ನಮ್ಮನೆಯಿಂದ ಬರಿಗೈಲಿ ಹೋಗಂಗಿಲ್ಲ, ಉಡಿ ಒಡ್ಡವ್ವ" ಅಂದ್ರು.

ಮೇಡಮ್ ಏನೋ ಹೇಳಾಕೆ ಹೋದ್ರು. ಅಷ್ಟೊತ್ತಿಗೆ ಅತ್ತೆ ದುಪಟ್ಟಾದ ಪಿನ್ ಕಿತ್ತಾಗಿತ್ತು. ಐದು ಬೊಗಸೆ ಅಕ್ಕಿ ಬಿತ್ತು, ಗಂಟು ಬಿತ್ತು. ಮೇಡಮ್ಮಿನ ಮುಖ ನೋಡಬೇಕಿತ್ತು, ಕಾನೂನೆಲ್ಲ ಎಲ್ಲೋ ಹೋಗಿ, ತವರಿಂದ ಹೊರಟ ಹುಡುಗಿ ಹಂಗೆ ಆಗಿದ್ರು. ಬಗ್ಗಿ ಅತ್ತೆ ಕೈ ಹಿಡಕೊಂಡು, ಗಂಟು ಎದೆಗೊತ್ತಿಕೊಂಡು ಕಾರು ಹತ್ತಿದ್ರು. ನನಗೂ ಖುಷಿ ಆತು, ಸುಳ್ಳು ಯಾಕೆ ಹೇಳ್ಲಿ.

ಒಳಗೆ ಬಂದು ದೇವರ ಮನೆ ನೋಡಿದೆ. ಚೀಲದ ಬಾಯಿ ತೆರೆದಿತ್ತು, ಅರಗಿನ ಚೂರು ದೇವರ ಮುಂದೆ ಬಿದ್ದಿದ್ವು.

"ಅತ್ತೆ, ಈ ಚೀಲ ಯಾಕ ಬಿಚ್ಚಿದ್ರಿ?"

"ಮತ್ತಿನ್ಯಾವುದು ಬಿಚ್ಚಲಿ? ದೇವರ ಮುಂದೆ ಇಟ್ಟ ಅಕ್ಕಿ ಉಡಿಗಲ್ದೆ ಅನ್ನಕ್ಕೆ ಇಡ್ತಾರೇನು? ಅದರ ಮ್ಯಾಲೆ ಸೀಲ್ ಬ್ಯಾರೆ ಹಾಕೀರಿ. ಮನೆಯಾಗಿನ ಒಳ್ಳೆ ಅಕ್ಕಿ ಇರಬೇಕು ಅಂತ ತೆಗೆದೆ."

ಇದಕ್ಕೆ ಏನಂತ ಉತ್ತರ ಕೊಡ್ತೀರಿ? ಒಂದು ಕಾಳೂ ಬೇಲಿ ದಾಟಬಾರದು ಅಂತ ಕಾಯಾಕೆ ಬಂದವರ ಸೆರಗಿಗೇ ಗಂಟು ಕಟ್ಟಿ ಕಳಿಸಿದ್ವಿ. ಬೇಲಿನೇ ಎದ್ದು ಹೊಲ ಮೇಯ್ತು ಅಂತಾರಲ್ಲ, ನಮ್ಮನೆಯಾಗ ಬೇಲಿ ಬ್ಯಾಡ ಬ್ಯಾಡ ಅಂದ್ರೂ ಬಾಯಿಗೆ ತುರುಕಿದಂಗಾತು. ಸಂಜೆ ಸ್ನೇಹಾ ಬರ್ತಾಳೆ. ಚೀಲ ಅರ್ಧ ಆಗೇತೆ. ಪರೀಕ್ಷೆ ರದ್ದಾದ್ರೆ ನಮ್ಮಪ್ಪನ ಗದ್ದೆ ಕೊಟ್ರೇಶನ ಪಾಲು.

"ನಡೀರಿ, ಗಾಡಿ ತೆಗೀರಿ" ಅಂದೆ. ಇವರು ಪರೀಕ್ಷೆ ಹಾಳಾದ್ರೆ ಒಳಗೊಳಗೆ ಕುಣಿಯೋ ಮನುಷ್ಯ. ಆದ್ರೆ ಸಹಿ ಹಾಕಿದವರು ತಾವೇ ಅಲ್ಲೇನು, ಜೈಲು ಕಣ್ಣ ಮುಂದೆ ಬಂದು, ನನಗಿಂತ ಮೊದಲೇ ಬೈಕ್ ಹತ್ತಿದ್ರು.

ದಾರಿ ಉದ್ದಕ್ಕೂ ಒಂದೇ ಚಿಂತೆ. ಉಡಿಗೆ ಹಾಕಿದ್ದನ್ನ ತಿರುಗಿ ಕೊಡ್ರಿ ಅಂತ ಹೆಂಗೆ ಕೇಳೋದು? ಸಾಲ ತಿರುಗಿ ಕೇಳಬಹುದು, ಕೊಟ್ಟ ಹೆಣ್ಣನ್ನೂ ಸಿಟ್ಟು ಬಂದ್ರೆ ತಿರುಗಿ ಕರಕೊಂಡು ಬರ್ತಾರೆ. ಉಡಿ ಅಕ್ಕಿ ತಿರುಗಿ ಕೇಳಿದವರು ನಮ್ಮ ಸೀಮೆಯಾಗ ಹುಟ್ಟಿಲ್ಲ. ಅದಕ್ಕೇ ನಾನೊಂದು ಉಪಾಯ ಮಾಡಿದ್ದೆ. ಮನೆಯ ಸೋನಾ ಮಸೂರಿ ಒಂದು ಚೀಲ, ಒಂದು ತೆಂಗಿನಕಾಯಿ ಜೋಡಿ ತಂದಿದ್ದೆ. ಅದನ್ನ ಕೊಟ್ಟು ಇದನ್ನ ಇಸಕೊಂಡ್ರಾತು ಅಂತ.

ಗುತ್ತೂರಾಗ ಒಂದು ಗೊಬ್ಬರದ ಗೋಡೌನ್ ಮುಂದೆ ಮೇಡಮ್ಮಿನ ಕಾರು ನಿಂತಿತ್ತು, ಅಲ್ಲೂ ಏನೋ ತಪಾಸಣೆ. ಡ್ರೈವರ್ ಟೀ ಅಂಗಡಿಯಾಗಿದ್ದ. ನಾನು ಒಳಗೆ ಹೋಗಿ ಮೇಡಮ್ಮನ್ನ ಮಾತಿಗೆ ಹಿಡಕೊಂಡೆ.

"ಮೇಡಮ್ರೆ, ಅತ್ತೆ ಕೊಟ್ಟ ಅಕ್ಕಿ ಅಷ್ಟು ಚಲೋ ಇಲ್ಲ, ಹುಳ ಗಿಳ ಇರಬಹುದು. ಇದು ಒಳ್ಳೇದು, ಬದಲಾಯಿಸಿಕೊಳ್ರಿ."

ಅವರು ಚೀಲ ನೋಡಿದ್ರು, ತೆಂಗಿನಕಾಯಿ ನೋಡಿದ್ರು, ನನ್ನ ನೋಡಿದ್ರು. "ಶಾಂತಕುಮಾರಿಯವರೆ, ಅಜ್ಜಿ ಕೊಟ್ಟಿದ್ದು ಪ್ರೀತಿ, ಅದನ್ನ ಬ್ಯಾಡ ಅನ್ನಾಕಾಗಲಿಲ್ಲ. ಇದು ಎರಡನೇ ಚೀಲ, ಅದೂ ನನ್ನ ಹಿಂದೆ ಬೈಕಿನಲ್ಲಿ ಬಂದದ್ದು. ಇದಕ್ಕೆ ಲಂಚ ಅಂತಾರೆ. ತಗೊಂಡು ಹೋಗ್ರಿ."

ಮುಖಕ್ಕೆ ಹೊಡೆದಂಗಾತು. ಹೊರಗೆ ಬಂದ್ರೆ ಇವರು ಬೈಕ್ ಸ್ಟಾರ್ಟ್ ಮಾಡಿಕೊಂಡೇ ಕೂತಿದ್ರು, ಅಂಗಿಯೊಳಗೆ ಹೊಟ್ಟೆ ಎರಡರಷ್ಟು ಆಗಿತ್ತು. "ಕೂಡು, ಬೇಗ ಕೂಡು" ಅಂದ್ರು. ಸ್ವಲ್ಪ ದೂರ ಬಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಅಂಗಿ ಗುಂಡಿ ಬಿಚ್ಚಿ ಒಂದು ಚೀಲ ತೆಗೆದ್ರು. "ಕಾರಿನ ಕಿಟಕಿ ತೆರೆದಿತ್ತು. ಎತ್ತಿಕೊಂಡು ಬಂದೆ. ಅಕ್ಕಿ ಬಂತು, ಗದ್ಲ ಮುಗೀತು."

ಬಿಚ್ಚಿ ನೋಡಿದೆ. ಡಬ್ಬಿ. ಡಬ್ಬಿಯೊಳಗೆ ಚಪಾತಿ, ಬದನೆಕಾಯಿ ಪಲ್ಯ.

"ಇದು ಮೇಡಮ್ಮಿನ ಊಟ ಕಣ್ರಿ."

"ಉಡಿ ಅಕ್ಕಿ ಅಲ್ಲೇನು?"

"ಅಕ್ಕಿ ದುಪಟ್ಟಾದ ಗಂಟಿನಾಗಿತ್ತು. ಇದಕ್ಕೆ ಜಿಪ್ ಐತೆ. ಜಿಪ್ ಇರೋ ದುಪಟ್ಟಾ ನೀವೆಲ್ಲಿ ನೋಡೀರಿ?"

ಅಷ್ಟರಾಗ ಮೇಡಮ್ಮಿನ ಕಾರು ನಮ್ಮ ಪಕ್ಕದಿಂದಲೇ ಹರಿಹರದ ಕಡೆ ಹೋತು. ಇವರು ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂಗೆ ಹೊಟ್ಟೆ ಮುಟ್ಟಿಕೊಂಡು ಮರದ ಹಿಂದೆ ನಿಂತ್ರು. ಲಂಚ ಕೊಡಾಕೆ ಹೋಗಿದ್ದೂ ಆತು, ಕಳ್ಳತನವೂ ಆತು. ಬೆಳಿಗ್ಗೆ ಎದ್ದಾಗ ನಾವು ಮರ್ಯಾದಸ್ತರಾಗಿದ್ವಿ.

ಹರಿಹರಕ್ಕೆ ಬಂದ್ರೆ ಇವರು ಗಾಡಿನ ಸೀದಾ ಮಿರ್ಚಿ ಅಂಗಡಿಗೆ ತಿರುಗಿಸಿದ್ರು. "ಟೆನ್ಷನ್ ಆದ್ರೆ ನನಗೆ ಹಸಿವಾಗ್ತದೆ" ಅಂದ್ರು. ಖಾರ ಮಂಡಕ್ಕಿ ಒಂದು ಪ್ಲೇಟು, ಮಿರ್ಚಿ, ಮತ್ತೊಂದು ಪ್ಲೇಟು ಮಿರ್ಚಿ. ನಾನು ಹಲ್ಲು ಕಡಕೊಂತಾ ಮೇಡಮ್ಮಿಗೆ ಫೋನ್ ಮಾಡಿದೆ.

"ಮೇಡಮ್ರೆ, ನಿಮ್ಮ ಊಟದ ಚೀಲ ಗುತ್ತೂರು ರೋಡಾಗ ಬಿದ್ದಿತ್ತು. ತಂದು ಕೊಡ್ತೀವಿ, ಮನೆ ಎಲ್ಲಿ?"

"ರೋಡಿನಲ್ಲಾ?" ಅಂದ್ರು ಮೇಡಮ್. ಕಾರಿನೊಳಗಿನ ಚೀಲ ರೋಡಿಗೆ ಹೆಂಗೆ ಬಿತ್ತು ಅಂತ ಯೋಚನೆ ಮಾಡ್ತಿದ್ರೋ ಏನೋ. "ಹಸಿವು ತಡೀಲಾರದೆ ಮನೆಗೇ ಬಂದೀನಿ. ಎಸ್.ಎಸ್. ಬಡಾವಣೆ" ಅಂತ ವಿಳಾಸ ಹೇಳಿದ್ರು.

ಹರಿಹರದಿಂದ ದಾವಣಗೆರೆ ದೂರ ಅಲ್ಲ. ಆದ್ರೆ ಎಸ್.ಎಸ್. ಬಡಾವಣೆಯಾಗ ಇವರು ಅವೇ ಮೂರು ರಸ್ತೆ ಸುತ್ತಿದ್ದು ನೋಡಿದ್ರೆ ನಾವು ಸೈಟ್ ನೋಡಾಕೆ ಬಂದೀವಿ ಅಂತ ಯಾರಾದ್ರೂ ತಿಳಕೊಂಬೇಕು. ಮನೆ ಸಿಕ್ಕಾಗ ಬಾಗಿಲು ತೆಗೆದವರು ಮೇಡಮ್ಮಿನ ತಾಯಿ, ರುಕ್ಸಾನಾ ಅಂತ. "ಬರ್ರಿ, ಬರ್ರಿ, ಕೂಡ್ರಿ. ಉಡಿ ತುಂಬಿದ ಮನೆಯವರಂತೆ, ನಿಂತ್ಕೊಬ್ಯಾಡ್ರಿ" ಅಂತ ಒಳಗೆ ಕರೆದ್ರು. ಮೇಡಮ್ ಊಟದ ಟೇಬಲ್ ಹತ್ರ ಬಟ್ಟಲು ಹಿಡಕೊಂಡು ಕೂತಿದ್ರು. ದುಪಟ್ಟಾ ಕುರ್ಚಿ ಮ್ಯಾಲಿತ್ತು, ಗಂಟು ಬಿಚ್ಚಿತ್ತು.

ರುಕ್ಸಾನಮ್ಮ ನಮ್ಮ ಮುಂದೂ ಒಂದೊಂದು ಬಟ್ಟಲು ಇಟ್ರು. ಬೆಲ್ಲದ ಪಾಯಸ, ತುಪ್ಪ, ಗೋಡಂಬಿ, ಏಲಕ್ಕಿ ಘಮ. ನಾನು ಬಟ್ಟಲು ಮುಟ್ಟಲಿಲ್ಲ. ಇವರ ಮುಂದೆ ಊಟ ಇಟ್ರೆ ತಲೆ ಓಡಲ್ಲ, ಮಿರ್ಚಿ ಖಾರ ಬ್ಯಾರೆ ಇತ್ತು. ಒಂದು ಬಟ್ಟಲು ಮುಗಿಸಿ, ಮತ್ತೊಂದಕ್ಕೆ ಒಡ್ಡಿ, "ಅಮ್ಮಾ, ಇದು ಯಾವ ಅಕ್ಕಿ? ಬಾಯಾಗ ಬೆಣ್ಣೆ ಆದಂಗೆ ಆಗ್ತದೆ" ಅಂದ್ರು.

"ನಿಮ್ಮನೇದೇ" ಅಂದ್ರು ರುಕ್ಸಾನಮ್ಮ. "ನಾನು ಹುಟ್ಟಿ ಬೆಳೆದದ್ದು ಹರಿಹರದಾಗ, ಪಕ್ಕದಮನೆ ಶರಣರದ್ದು. ಉಡಿ ಅಕ್ಕಿ ಪದ್ಧತಿ ನನಗೆ ಗೊತ್ತು. ಅದನ್ನ ಮನೆ ಅಕ್ಕಿ ಡಬ್ಬಿಗೆ ಬೆರೆಸಬಾರದು. ಹೊಸ್ತಿಲು ದಾಟಿಸಬಾರದು. ಮಾರಬಾರದು, ಇನ್ನೊಬ್ಬರಿಗೆ ಕೊಡಬಾರದು. ಅದಕ್ಕೇ ಬಂದ ತಕ್ಷಣ ಒಂದು ಕಾಳು ಬಿಡದಂಗೆ ಪಾಯಸ ಮಾಡಿಬಿಟ್ಟೆ. ಕೊಟ್ಟ ಮನೆಯವರು ಹೊರಗಿನವರಲ್ಲ, ನೀವು ತಿನ್ನಬಹುದು."

ಇವರ ಚಮಚ ಬಾಯಾಗೇ ನಿಂತ್ಕೊಂಡ್ತು. ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಬೆಳಿಗ್ಗೆ ಮೇಡಮ್ ಓದಿದ ಕಾನೂನನ್ನೇ ಅವರ ತಾಯಿ ಒಂದೊಂದಾಗಿ ಒಪ್ಪಿಸಿದಂಗಿತ್ತು. ಬೆರೆಸಂಗಿಲ್ಲ, ದಾಟಿಸಂಗಿಲ್ಲ, ಮಾರಂಗಿಲ್ಲ, ಕೊಡಂಗಿಲ್ಲ. ತಿನ್ನೋದೊಂದರಾಗ ಮಾತ್ರ ಎರಡು ಕಾನೂನಿಗೆ ಜಗಳ.

ಇವರು ನನ್ನ ಕಿವಿಗೆ ಬಗ್ಗಿ, "ಸುಮ್ನಿರು. ಯಾರಿಗೂ ಗೊತ್ತಿಲ್ಲ. ಮನೆಗೆ ಹೋಗಿ ಸೋನಾ ಮಸೂರಿ ತುಂಬಿ, ಅರಗು ಕಾಯಿಸಿ ಒತ್ತಿದ್ರಾತು. ಪರೀಕ್ಷೆ ಪಾಸು, ನಿನ್ನ ಗದ್ದೆ ಉಳೀತು" ಅಂದ್ರು. ಮೂವತ್ತು ವರ್ಷದ ಸಂಸಾರದಾಗ ಅವರು ನನ್ನ ಗದ್ದೆ ಪರವಾಗಿ ಆಡಿದ ಮೊದಲ ಮಾತು ಅದು. ಆಸೆ ಆತು, ಖರೇನೇ ಆಸೆ ಆತು. ಆದ್ರೆ ಸೋನಾ ಮಸೂರಿ ಪಾಸು ಮಾಡಿಸಿ ನಮ್ಮಪ್ಪನ ಗದ್ದೆಯಾಗ ನಾನು ಬಿತ್ತೋದಾದ್ರೂ ಏನನ್ನ? ಒಳಗೆ ಸೂಜಿ ಐತೋ ಇಲ್ಲೋ ಗೊತ್ತಿಲ್ಲದ ಬ್ಲೌಸನ್ನ ಊರಿಗೆಲ್ಲ ಹಂಚಿದಂಗಲ್ಲೇನು.

"ಮೇಡಮ್ರೆ, ನೀವು ತಿಂದದ್ದು ಆ ಸೀಲಿನ ಚೀಲದ ಅಕ್ಕಿ" ಅಂದೆ. ಸೀಲ್ ಒಡೆದದ್ದು, ಗುತ್ತೂರಿನ ಲಂಚ, ಇವರ ಅಂಗಿಯೊಳಗಿನ ಡಬ್ಬಿ, ಎಲ್ಲ ಹೇಳಿಬಿಟ್ಟೆ. ಡಬ್ಬಿ ಮಾತು ಬಂದಾಗ ಇವರು ಗೋಡೆ ಮ್ಯಾಲಿನ ಕ್ಯಾಲೆಂಡರ್ ಓದಾಕೆ ಶುರು ಮಾಡಿದ್ರು.

ಮೇಡಮ್ ಬಟ್ಟಲು ಕೆಳಗಿಟ್ರು. "ಅಮ್ಮಿ, ನಾನೆಷ್ಟು ಬಟ್ಟಲು ತಿಂದೆ?"

"ಮೂರು. ನಾಲ್ಕನೇದು ಕೈಯಾಗೈತೆ."

ಆಮೇಲೆ ಅವರು ಪೆನ್ನು ತೆಗೆದು ಅಲ್ಲೇ ಬರೆದ್ರು, ಬರೆದದ್ದನ್ನ ನಮಗೆ ಓದಿಯೂ ಹೇಳಿದ್ರು. ಮಾದರಿ ಅಕ್ಕಿಯನ್ನ ಬೇಲಿಯಾಚೆ ಒಯ್ದವರು: ತಪಾಸಣೆಗೆ ಹೋದ ಅಧಿಕಾರಿ. ಅಕ್ಕಿ ಏನಾಯಿತು: ಪಾಯಸ. ತಿಂದವರು: ಅಧಿಕಾರಿ, ಅಧಿಕಾರಿಯ ತಾಯಿ, ಜಮೀನಿನ ಪರವಾಗಿ ಸಹಿ ಹಾಕಿದವರು. "ಈ ಬೆಳೆಯ ಪರೀಕ್ಷೆ ರದ್ದಮ್ಮ" ಅಂದ್ರು. "ಬಿತ್ತೋದರಿಂದ ಮತ್ತೆ ಶುರು ಮಾಡಬೇಕು. ತಪಾಸಣೆಗೆ ಬ್ಯಾರೆಯವರು ಬರ್ತಾರೆ, ನಾನು ಉಂಡವಳು, ಬರಂಗಿಲ್ಲ. ನನಗೇನು ಮಾಡ್ತಾರೋ ಮೇಲಿನವರು ನೋಡ್ತಾರೆ."

"ನೀವು ಬರೀದಂಗೆ ಇರಬಹುದಿತ್ತಲ್ರಿ" ಅಂದೆ. ನನಗೆ ಕಣ್ಣಾಗ ನೀರು ಬಂದಿತ್ತು.

"ನೀವು ಹೇಳದಂಗೆ ಇರಬಹುದಿತ್ತು" ಅಂದ್ರು ಅವರು.

ತಪ್ಪನ್ನ ಮೇಡಮ್ ತಮ್ಮ ಮ್ಯಾಲೇ ಬರಕೊಂಡದ್ದಕ್ಕೆ ಇವರಿಗೆ ಜೈಲಿಲ್ಲ ಅಂತ ಖಾತ್ರಿ ಆತು ನೋಡ್ರಿ, ಜೀವ ಬಂತು, ಜೀವದ ಜೋಡಿ ಕೊಟ್ರೇಶನೂ ಬಂದ. "ರದ್ದಾತು ಅಂದ್ರೆ ಪಾಸಾಗಲಿಲ್ಲ ಅಂತ ಆತಲ್ಲ ಶಾಂತಾ. ಮಾತು ಅಂದ್ರೆ ಮಾತು. ನಾಳೆನೇ ಕೊಟ್ರೇಶಂಗೆ ಬರಾಕೆ ಹೇಳ್ತೀನಿ, ಗದ್ದೆ ಸೈಟು ಮಾಡೋದೇ" ಅಂದ್ರು. ಅನ್ನೋವಾಗ ಎರಡನೇ ಬಟ್ಟಲಿಗೆ ಮತ್ತೆ ಚಮಚ ಹಾಕಿದ್ರು.

ಮಾತು ಕೊಟ್ಟವಳು ನಾನೇ. ತಲೆ ಬಗ್ಗಿಸಿಕೊಂಡು ಕೂತೆ.

"ಯಾವ ಗದ್ದೆ ಅದು?" ಅಂದ್ರು ರುಕ್ಸಾನಮ್ಮ, ತುಪ್ಪದ ಮಿಳ್ಳೆ ಹಿಡಕೊಂಡು.

"ನನ್ನ ತವರಿನದ್ದು. ಮದುವ್ಯಾಗ ನಮ್ಮಪ್ಪ ಅದರ ಮಣ್ಣು ತಂದು ನನ್ನ ಉಡಿಗೆ ಹಾಕಿದ್ದ" ಅಂದೆ.

ರುಕ್ಸಾನಮ್ಮ ಇವರ ಕಡೆ ತಿರುಗಿದ್ರು. ಸಿಟ್ಟು ಏನಿಲ್ಲ, ಲೆಕ್ಕ ತಪ್ಪಿದ ಮಗುಗೆ ಹೇಳಿದಂಗೆ ಹೇಳಿದ್ರು. "ಈಗ ತಾನೇ ಹೇಳಿದೆನಲ್ರಿ ಯಜಮಾನ್ರೆ. ಉಡಿಗೆ ಬಿದ್ದದ್ದು ಮಾರಂಗಿಲ್ಲ."

ಇವರು ನನ್ನ ನೋಡಿದ್ರು. ಬಟ್ಟಲು ನೋಡಿದ್ರು. ಮೂವತ್ತು ವರ್ಷ ಆ ಮಾತು ನನ್ನ ಉಡಿಯಾಗೇ ಇತ್ತು, ನನಗೂ ಹೊಳೆದಿರಲಿಲ್ಲ, ಇವರಿಗೂ ಹೊಳೆದಿರಲಿಲ್ಲ. ಇವರು ಬಟ್ಟಲು ಖಾಲಿ ಮಾಡಿ, ಕೈ ತೊಳಕೊಂಡು, ಮೇಡಮ್ಮಿಗೆ ಡಬ್ಬಿ ಕೊಟ್ಟು, "ತಪ್ಪಾತು ತಾಯಿ" ಅಂದು ಹೊರಗೆ ಬಂದ್ರು.

ಹರಿಹರಕ್ಕೆ ತಿರುಗಿ ಬಂದ್ವಿ. ಮಿರ್ಚಿ ಅಂಗಡಿ ಬಂತು, ಗಾಡಿ ತಿರುಗಲಿಲ್ಲ. ಗುತ್ತೂರಿನ ಬೇವಿನ ಮರದ ಹತ್ರ ಬಂದಾಗ, ಹಿಂದೆ ತಿರುಗದೆ, "ಆ ಮೂಲೆ ಬೇಲಿ ಕಂಬ ಒಂದು ಅಲ್ಲಾಡ್ತದೆ. ಮುಂದಿನ ಬಿತ್ತನೆಗೆ ಸರಿ ಮಾಡಿಸಬೇಕು" ಅಂದ್ರು. ನಾನು ಹೂಂ ಅಂದೆ. ಬೈಕಿನ ಹಿಂದೆ ಕೂತು ಸೆರಗಿನಾಗ ಮುಖ ಒರೆಸಿಕೊಂಡದ್ದು ಅವರಿಗೆ ಕಾಣಲಿಲ್ಲ.

ಮನೆಗೆ ಬಂದ್ರೆ ಸ್ನೇಹಾ ಖಾಲಿ ಚೀಲ ಹಿಡಕೊಂಡು ಪಡಸಾಲೆಯಾಗ ಕೂತಿದ್ಲು. ಖಾಲಿ ಯಾಕಂದ್ರೆ, ಉಳಿದ ಅಕ್ಕಿನ ಅತ್ತೆ ಅವಳ ಸೆರಗಿಗೆ ತುಂಬಿದ್ರು. "ಪಾಪ, ಈ ಹುಡುಗಿಗೂ ಯಾರೂ ತುಂಬಿರಲಿಲ್ಲ" ಅಂದ್ರು.

ನಾನು ಕೂತು, ಎಲ್ಲ ಬಿಡಿಸಿ ಹೇಳಿದೆ. ಪರೀಕ್ಷೆ ಮತ್ತೆ ಮೊದಲಿಂದ, ಅಕ್ಕಿ ದೇವರ ಮನೆಯಾಗ ಇಡಲ್ಲ, ಸೀಲ್ ಮುಟ್ಟಂಗಿಲ್ಲ, ಬುಷ್ರಾ ಮೇಡಮ್ ಬರಲ್ಲ, ಮುಂದಿನ ಸಲ ತಪಾಸಣೆಗೆ ಗಂಡಸು ಆಫೀಸರ್ ಬಂದ್ರೂ ಬರಬಹುದು ಅಂತ.

ಅತ್ತೆ ಎಲ್ಲ ಕೇಳಿಸಿಕೊಂಡು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ್ರು. "ಗಂಡಸಾದ್ರೆ ಏನಾತು? ಹೆಂಡ್ತಿನೂ ಕರಕೊಂಡು ಬರಾಕ ಹೇಳು" ಅಂದ್ರು.